ಲಗಮವ್ವ ಬಿಟ್ಟುಕೊಟ್ಟ ಗುಟ್ಟು

ಗಂಡನಿಗೆ ವಿಷವಿಕ್ಕಿದಳೆಂದು ರಬಕವಿಯ ಲಗಮವ್ವನನ್ನು ಜಮಖಂಡಿಯ ತುರಂಗಕ್ಕೆ ಹಾಕಿ ವರ್ಷಗಳೇ ಆಗಿದ್ದವು. ನಿಜವಾಗಿ ಮಜ್ಜಿಗೆಗೆ ವಿಷ ಬೆರೆಸಿ ತಂದುಕೊಟ್ಟವನು ಮೈದುನ ಮುದಕಪ್ಪ. ಅದನ್ನು ಕಣ್ಣಾರೆ ಕಂಡಿದ್ದ ನೆರೆಮನೆಯ ತಾರವ್ವನನ್ನು ಲಗಮವ್ವ ತನ್ನ ವಕೀಲ ಅಣ್ಣಾರಾಯರ ಹತ್ತಿರ ಕಳಿಸಿದ್ದಳು. ಒಳಗೊಳಗೇ ಮುದಕಪ್ಪನ ಕಡೆ ವಾಲಿದ್ದ ವಕೀಲರು ಆ ಸಾಕ್ಷಿಯನ್ನು ಕೋರ್ಟಿಗೆ ಕರೆಯಲೇ ಇಲ್ಲ. ಈಗ ತಾರವ್ವ ಬದುಕಿಲ್ಲ; ಅವಳು ಹೇಳಿದ್ದು ಗೊತ್ತಿರುವುದು ವಕೀಲರೊಬ್ಬರಿಗೇ. ತುರಂಗದಲ್ಲಿ ಜೋಳ ಬೀಸುವಾಗ ಲಗಮವ್ವ ಮೈದುನ, ವಕೀಲ ಇಬ್ಬರನ್ನೂ ನೆನೆದು ಹಲ್ಲು ಕಡಿಯುತ್ತಿದ್ದಳು.

ಕೊನೆಗೆ ಅವಳ ಅರ್ಜಿಯ ಮೇಲೆ ಸಂಸ್ಥಾನದ ಹೊಸ ನ್ಯಾಯಾಧೀಶರು ಮರುವಿಚಾರಣೆ ನಡೆಸಿ ವಕೀಲರನ್ನು ಕಟಕಟೆಗೆ ಕರೆದರು.

“ಕಕ್ಷಿದಾರರ ಗುಟ್ಟು ಹೇಳಾಕ ಬರೂದಿಲ್ಲರಿ,” ಎಂದರು ಅಣ್ಣಾರಾಯರು.

ಲಗಮವ್ವ ಎದ್ದು ನಿಂತಳು. “ಆ ಗುಟ್ಟು ನಂದರಿ ಸಾಹೇಬ್ರ. ನಾನ ಬಿಟ್ಟುಕೊಟ್ಟೇನಿ. ಒಂದೂ ಬಿಡದಂಗ ಹೇಳಸ್ರಿ.”

“ಗುಟ್ಟಿನ ಹಕ್ಕು ಆಕಿದು. ಇನ್ನ ನೀವು ಹೇಳಲೇಬೇಕು,” ಎಂದರು ನ್ಯಾಯಾಧೀಶರು.

ಆಣೆ ಮಾಡಿದ ವಕೀಲರು ತಾರವ್ವ ಹೇಳಿದ್ದನ್ನೂ ತಾವು ಅವಳ ಬಾಯಿ ಮುಚ್ಚಿಸಿದ್ದನ್ನೂ ತೊದಲುತ್ತ ಒಪ್ಪಿಕೊಂಡರು. ಲಗಮವ್ವನ ಶಿಕ್ಷೆ ರದ್ದಾಯಿತು, ಅಣ್ಣಾರಾಯರ ವಕೀಲಿ ಸನದು ಹೋಯಿತು, ಮುದಕಪ್ಪನಿಗೆ ಬೇಡಿ ಬಿತ್ತು.

ಹೊರಗೆ ಅಣ್ಣಾರಾಯರು ಕೈಮುಗಿದರು. “ತಪ್ಪಾತವ್ವಾ, ಹೊಟ್ಯಾಗ ಹಾಕ್ಕೊ.”

“ನನ್ನ ಹೊಟ್ಯಾಗ ಬರೀ ಬೆಂಕಿ ಐತ್ರಿ,” ಎಂದ ಲಗಮವ್ವ, ಮುದಕಪ್ಪನನ್ನು ತುರಂಗದೊಳಗೆ ತಳ್ಳುವುದನ್ನು ಕಣ್ತುಂಬ ನೋಡಲು ಬಿರಬಿರನೆ ನಡೆದಳು.