ನಟ್ಟಿಗೆ ಗೆರೆ ಎಳೆಯುವ ಮೂಕಪ್ಪ

ಬೆಳಗಿನ ಆರೂಕಾಲು. ಬಿಳಿಚೋಡು ದಾಟಿದ ಮೇಲೆ ಸಿಗುವ ಹೆದ್ದಾರಿಯ ಅಂಚಿನಲ್ಲಿ ಮೂಕಪ್ಪನವರು ಮಂಡಿಯೂರಿ ಕುಳಿತಿದ್ದಾರೆ. ಅವರ ಮುಂದೆ ಹೊಸದಾಗಿ ನಿಂತ ಉಕ್ಕಿನ ಕಂಬ. ಬುಡದಲ್ಲಿ ದಪ್ಪನೆಯ ಪ್ಲೇಟು, ಅದರ ಸುತ್ತ ಹನ್ನೆರಡು ಬೋಲ್ಟು, ಒಂದೊಂದಕ್ಕೂ ಮುಷ್ಟಿಗಾತ್ರದ ನಟ್ಟು. ನಟ್ಟು ಬಿಗಿಯುವ ಪಾನಾ ಇನ್ನೂ ಚೀಲದಲ್ಲೇ ಇದೆ. ಬರಿಗೈಯಿಂದ ಅವರು ಒಂದೊಂದೇ ನಟ್ಟು ಮುಟ್ಟುತ್ತ ಬರುತ್ತಾರೆ. ಏಳನೆಯದರ ಮೇಲೆ ಕೈ ನಿಲ್ಲುತ್ತದೆ. ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತಾರೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳದಷ್ಟು ಸಲೀಸಾಗಿ ಅದು ತಿರುಗುತ್ತದೆ.

ಅವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ತಲೆಯೆತ್ತಿ ನೋಡುತ್ತೇನೆ. ರಸ್ತೆಯ ಆಚೆ ಬದಿಗೂ ಇಂಥದೇ ಕಂಬ. ಎರಡರ ತಲೆಯ ಮೇಲೆ ಅಡ್ಡ ತೊಲೆ, ಅದರ ನಡುವೆ ಬೆಳಕಿನ ಅಕ್ಷರ ಮೂಡುವ ದೊಡ್ಡ ಫಲಕ. ಮುಂದೆ ಅಪಘಾತವಾಗಿದೆ, ಮಂಜು ಕವಿದಿದೆ, ನಿಧಾನವಾಗಿ ಬನ್ನಿ ಎಂದೆಲ್ಲ ತಿಳಿಸುವ ಫಲಕ. ಎಲ್ಲ ಸೇರಿ ಆರು ಟನ್ ತೂಕ. ಈಗಷ್ಟೇ ಅದರ ಕೆಳಗೆ ಜಗಳೂರಿನ ಬಸ್ಸೊಂದು ಜನ ತುಂಬಿಕೊಂಡು ಹೋಯಿತು. ಕಿಟಕಿಯಲ್ಲಿ ಒಂದು ಮಗು ನನಗೆ ಕೈಬೀಸಿತು. ಮರಳಿ ಬೀಸಲು ನನ್ನ ಕೈ ಏಳಲಿಲ್ಲ.

"ಅಮ್ಮಾರೆ, ನೀವು ಆ ಕಡೆ ಬರ್ರಿ. ಇದರ ಅಡಿಗೆ ನಿಲ್ಲಬ್ಯಾಡ್ರಿ" ಎನ್ನುತ್ತಾರೆ ಮೂಕಪ್ಪ. ಧ್ವನಿ ಏರಿಲ್ಲ. ಚೀಲದಿಂದ ಗೋಣಿತಟ್ಟು ತೆಗೆದು, ದೂರದ ಕಲ್ಲಿನ ಮೇಲೆ ಹಾಸಿ, ನನ್ನನ್ನು ಕೂರಿಸಿ ಮತ್ತೆ ಕಂಬದ ಬುಡಕ್ಕೆ ಹೋಗುತ್ತಾರೆ. ಅಂಥ ಗಳಿಗೆಯಲ್ಲೂ ಕಲ್ಲು ತಣ್ಣಗಿರುತ್ತದೆಂದು ಅವರಿಗೆ ನೆನಪಿತ್ತು.

ಮೂಕಪ್ಪನವರಿಗೆ ನಲವತ್ತೇಳು ವರ್ಷ. ಊರು ಇಲ್ಲೇ ಜಗಳೂರು ತಾಲ್ಲೂಕು. ಮೊದಲು ಗಾಳಿಯಂತ್ರದ ಗೋಪುರಗಳಲ್ಲಿ ಬೋಲ್ಟು ಬಿಗಿಯುತ್ತಿದ್ದರು. ಹದಿನಾಲ್ಕು ವರ್ಷಗಳಿಂದ ಹೆದ್ದಾರಿ ಫಲಕಗಳ ಕೆಲಸ. ಆಳೆತ್ತರಕ್ಕೂ ಆಳವಾದ ಗುಂಡಿ ತೋಡಿಸಿ, ಕಬ್ಬಿಣದ ಪಂಜರ ಇಳಿಸಿ, ಬೋಲ್ಟುಗಳನ್ನು ನೂಲು ಹಿಡಿದಂತೆ ನಿಲ್ಲಿಸಿ ಕಾಂಕ್ರೀಟು ಹಾಕಬೇಕು. ಒಂದು ಬೋಲ್ಟು ಬೆರಳಷ್ಟು ವಾಲಿದರೂ ಕ್ರೇನು ಎತ್ತಿತಂದ ಕಂಬ ಕೂರುವುದಿಲ್ಲ. ವಿದ್ಯುತ್ ತಂತಿಯ ಕೊಳವೆ, ಸಿಡಿಲಿನ ಅರ್ಥಿಂಗ್ ಎಲ್ಲವೂ ಆ ಗುಂಡಿಯಲ್ಲೇ ಮುಚ್ಚಿಹೋಗುತ್ತವೆ. ಇಲ್ಲಿಯವರೆಗೆ ಇಂಥ ಅರವತ್ತಮೂರು ಫಲಕಗಳನ್ನು ಅವರು ನಿಲ್ಲಿಸಿದ್ದಾರೆ. ಎರಡು ಸಲ ಬೆರಳು ಜಜ್ಜಿದೆ, ಒಂದು ಸಲ ತೊಲೆ ತಗುಲಿ ಪಕ್ಕೆಲುಬು ಮುರಿದಿದೆ.

ಗಾಳಿಯಂತ್ರದ ಕೆಲಸದಲ್ಲಿ ಚನ್ನಗಿರಿ ಕಡೆಯ ಮುರುಗೇಶಪ್ಪ ಎಂಬ ಹಿರಿಯ ಫಿಟ್ಟರು ಅವರಿಗೊಂದು ಪಾಠ ಕಲಿಸಿದ್ದರು. ನಟ್ಟು ಪೂರ್ತಿ ಬಿಗಿದ ಮೇಲೆ ಪ್ಲೇಟಿನಿಂದ ಶುರುಮಾಡಿ ನಟ್ಟಿನ ಮೇಲೆ ಹಾದು ಬೋಲ್ಟಿನ ತಲೆಯವರೆಗೆ ಕೆಂಪು ಬಣ್ಣದ ಒಂದೇ ಗೆರೆ ಎಳೆಯುವುದು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗುತ್ತದೆ. ದೂರದಿಂದಲೇ ಕಾಣುತ್ತದೆ. ಕಂಬ ನಿಲ್ಲಿಸಿದ ಮೇಲೆ ಅದು ತನ್ನ ತೂಕಕ್ಕೆ ಕೂರುತ್ತದೆ, ಗಾಳಿಗೆ ಅಲುಗುತ್ತದೆ. ಹಾಗಾಗಿ ಎರಡು ದಿನಕ್ಕೆ ಬಂದು ಗೆರೆ ನೋಡಿ ಮತ್ತೊಮ್ಮೆ ಬಿಗಿಯಬೇಕು. ಈ ಸಲ ಆ ಹೊತ್ತಿಗೆ ಹೊನ್ನಾಳಿ ಕಡೆ ಗುಂಡಿಯಲ್ಲಿ ನೀರು ಬಂದು ಮೂಕಪ್ಪನವರನ್ನು ಅಲ್ಲಿಗೆ ಕಳಿಸಿದರು. ಹನ್ನೊಂದು ದಿನ ಇತ್ತ ಬರಲಾಗಲಿಲ್ಲ. ಆಷಾಢದ ಗಾಳಿ ಮಾತ್ರ ದಿನವೂ ಬೀಸಿತು.

ಆದರೆ ನನ್ನನ್ನು ನಡುಗಿಸಿದ್ದು ಸಡಿಲವಾದ ನಟ್ಟಲ್ಲ. ಅದರ ಮೇಲಿನ ಗೆರೆ ತುಂಡಾಗಿರಲಿಲ್ಲ. ಹನ್ನೆರಡರ ಮೇಲೂ ಕೆಂಪು ಗೆರೆ ನೆಟ್ಟಗೆ, ಮಿರಮಿರ ಮಿಂಚುತ್ತಿತ್ತು. ಮೇಲಧಿಕಾರಿಗಳು ನಾಲ್ಕು ದಿನದ ಹಿಂದೆ ಬಂದು, ಈ ಗೆರೆಗಳನ್ನೇ ನೋಡಿ, ಸರಿಯಿದೆ ಎಂದು ಬರೆದು ಹೋಗಿದ್ದರು.

ಮೂಕಪ್ಪ ಗೆರೆಗಳನ್ನೇ ನೋಡುತ್ತ ಕುಳಿತಿದ್ದಾರೆ. "ಇಷ್ಟು ಚೆಂದ ನನಗೆ ಎಳಿಯಾಕೆ ಬರಾದಿಲ್ಲ. ನಾನು ಕಸಬರಿಗೆ ಕಡ್ಡಿಯಾಗೆ ಎಳೀತೀನಿ. ಇದು ಕುಂಚದ ಕೆಲಸ."

ಬರಿಗೈಗೇ ತಿರುಗುವ ನಟ್ಟು ಮೂರು ಸಿಕ್ಕ ಮೇಲೆ ಮೇಲ್ವಿಚಾರಕ ಪ್ರಸನ್ನಕುಮಾರ್ ಅವರಿಗೆ ಫೋನ್ ಹೋಗುತ್ತದೆ. ಆ ಕಡೆಯಿಂದ ಬಂದ ಮೊದಲ ಮಾತು, ಮೂರು ಸಡಿಲಿದ್ದರೆ ಮೂರು ಬಿಗಿದುಬಿಡು, ಉಳಿದ ಒಂಬತ್ತು ಹಿಡಿದಿವೆಯಲ್ಲ ಎಂದು. ಮೂಕಪ್ಪ ಹೇಳುತ್ತಾರೆ:

"ಒಂಬತ್ತು ಹಿಡಿದಾವೆ ಅಂತ ಯಾರು ನೋಡ್ಯಾರೆ ಸರ್? ಗೆರೆ ಅಷ್ಟೂ ಸುಳ್ಳಾಗ್ಯಾವೆ. ಇದೊಂದೇ ಅಲ್ಲ, ಇದೇ ಬಣ್ಣ ಹೊಸ ಫಲಕ ಐದಕ್ಕೂ ಬಿದ್ದೈತೆ. ರೋಡ್ ನಿಲ್ಲಿಸ್ರಿ. ನೀವು ನಿಲ್ಲಿಸದಿದ್ರೆ ನಾನೇ ಹೋಗಿ ನಿಲ್ತೀನಿ. ಆಮ್ಯಾಲೆ ಕೆಲಸದಿಂದ ತೆಗೀರಿ, ಬ್ಯಾಡ ಅನ್ನಲ್ಲ."

ಉತ್ತರಕ್ಕೆ ಕಾಯದೆ ಹೆಗಲ ಮೇಲಿನ ಕೆಂಪು ವಲ್ಲಿ ಬಿಚ್ಚಿ ಬೀಸುತ್ತ, ಬರುವ ವಾಹನಗಳಿಗೆ ಎದುರಾಗಿ ನಡೆದೇಬಿಡುತ್ತಾರೆ. ಲಾರಿಯೊಂದು ಕಿರುಗುಟ್ಟಿ ನಿಲ್ಲುತ್ತದೆ. ಚಾಲಕನ ಬೈಗುಳ ನನಗೂ ಕೇಳಿಸುತ್ತದೆ. ರಸ್ತೆಬದಿಯಲ್ಲಿ ಚಹಾ ಮಾರುವ ಅಜ್ಜಮ್ಮ ಏನು ಎತ್ತ ಎಂದು ಕೇಳದೆ ತನ್ನ ಬೆಂಚನ್ನು ಎಳೆದು ತಂದು ಇನ್ನೊಂದು ಬದಿಗೆ ಅಡ್ಡ ಹಾಕುತ್ತಾಳೆ. "ಮೂಕಪ್ಪ ಸುಮ್ಸುಮ್ನೆ ನಿಲ್ಲೋ ಆಳಲ್ಲ. ಇಳೀರಪ್ಪಾ, ಚಾ ಕುಡೀರಿ" ಎಂದು ಲಾರಿಯವರನ್ನು ಕರೆಯುತ್ತಾಳೆ.

ಅರ್ಧ ಗಂಟೆಯಲ್ಲಿ ಪ್ರಸನ್ನಕುಮಾರ್ ಪೊಲೀಸರನ್ನು ಕರೆದುಕೊಂಡೇ ಬರುತ್ತಾರೆ. ಉಳಿದ ನಾಲ್ಕು ಫಲಕಗಳ ಹತ್ತಿರವೂ ವಾಹನ ತಡೆಯಲು ಆಗಲೇ ಹೇಳಿಬಿಟ್ಟಿದ್ದಾರೆ. ಬಂದವರೇ ಪ್ರಸನ್ನಕುಮಾರ್ ಏಳನೆಯ ನಟ್ಟನ್ನು ತಾವೇ ತಿರುಗಿಸಿ ನೋಡುತ್ತಾರೆ. ಆಮೇಲೆ ಇಸ್ತ್ರಿ ಅಂಗಿಯ ತೋಳು ಮಡಚಿ, ಇನ್ನೊಂದು ಪಾನಾ ಹಿಡಿದು ಬಿಗಿಯಲು ಕುಳಿತ ಮೂಕಪ್ಪನ ಎದುರಿಗೆ ಕೂರುತ್ತಾರೆ.

ಅಷ್ಟರಲ್ಲಿ ಅಂದಿನ ಕೆಲಸಕ್ಕೆಂದು ಬೈಕಿನಲ್ಲಿ ಬರುತ್ತಾರೆ ನ್ಯಾಮತಿಯ ಪೇಂಟರ್ ಪರಶುರಾಮ್. ಅಂಗಡಿ ಬೋರ್ಡು, ಬಸ್ಸಿನ ಹೆಸರು ಬರೆದು ಪಳಗಿದ ಕೈ. ಏನೂ ತಿಳಿಯದೆ ನನಗೆ ನಮಸ್ಕಾರ ಹೇಳಿ, ಪೇಂಟು ಹೆಂಗೈತ್ರಿ ಅಮ್ಮ ಎಂದು ನಗುತ್ತಾರೆ. ಮೂಕಪ್ಪ ಪೇಂಟರ ಕೈ ಹಿಡಿದು ಕರೆದೊಯ್ದು, ಇನ್ನೂ ಬಿಗಿಯದ ಒಂದು ನಟ್ಟಿನ ಮೇಲೆ ಆ ಬೆರಳುಗಳನ್ನು ಇಟ್ಟು, ತಿರುಗಿಸು ಎನ್ನುತ್ತಾರೆ. ತಿರುಗಿಸಿದ ಪರಶುರಾಮ್ ಅಲ್ಲೇ ನೆಲಕ್ಕೆ ಕೂರುತ್ತಾರೆ.

"ಸಾಹೇಬ್ರು ಬರೋಕಿಂತ ಮುಂಚೆ ಬೂದಿ ಬಣ್ಣ ಹೊಡಿ ಅಂದಿದ್ರು. ಈ ಕಂಬದಾಗೆ ಮೂರು ಗೆರೆ ಕೂಡ್ಕಂಡಿರ್ಲಿಲ್ಲಣ್ಣ. ನಿನ್ನ ಕೈ ನಡುಗೈತೆ ಅನ್ಕಂಡೆ. ಸಾಹೇಬ್ರು ನೋಡಿದ್ರೆ ನಿನಗೆ ಬೈತಾರಲ್ಲ ಅಂತ ಐದೂ ಕಡೆ ನಾನೇ ಎಲ್ಲಾ ನೆಟ್ಟಗೆ ಮಾಡ್ದೆ."

ಎಷ್ಟೋ ಸಣ್ಣ ಉಪಕಾರಗಳನ್ನು ಕಂಡು ಮೆಚ್ಚಿಕೊಂಡು ಬಂದವಳು ನಾನು. ಒಂದು ಉಪಕಾರ ಇಷ್ಟು ಭಯ ಹುಟ್ಟಿಸಬಲ್ಲದೆಂದು ತಿಳಿದಿರಲಿಲ್ಲ. ಗೆಳೆಯನ ಮಾನ ಉಳಿಸಲು ಎಳೆದ ಮೂರು ಗೆರೆಯ ಕೆಳಗೆ ನಾಲ್ಕು ದಿನ ಅದೆಷ್ಟು ಬಸ್ಸು ಹೋದವೋ.

ಮೂಕಪ್ಪ ಬೈಯುತ್ತಾರೆಂದು ಕಾದೆ. ಅವರು ಪರಶುರಾಮ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ. "ಎರಡು ವರ್ಷ ಒಂದೇ ಕಡೆ ಬುತ್ತಿ ಬಿಚ್ಚೀವಿ. ಈ ಗೆರೆ ಯಾಕೆ ಅಂತ ಒಂದ್ಸಲನಾದ್ರೂ ನಿನಗೆ ಹೇಳೀನೇನು? ಇಲ್ಲ. ಅಲಂಕಾರ ಅನ್ಕಂಡಿದ್ದೀಯ. ತಪ್ಪು ನಂದೂ ಐತೆ." ಪ್ರಸನ್ನಕುಮಾರ್ ಮುಂದಿನ ನಟ್ಟಿಗೆ ಪಾನಾ ಹಾಕುತ್ತಾರೆ. ಹೇಳಬೇಕಾದವರಲ್ಲಿ ತಾವೂ ಒಬ್ಬರೆಂದು ಆಮೇಲೆ ಅವರೇ ನನ್ನೊಡನೆ ಒಪ್ಪಿಕೊಂಡರು.

ಪೇಂಟರ ಹೆಸರು ಬರೆಯುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೆ. ಮುಚ್ಚಿಡುವುದು ಬೇಡವೆಂದವರು ಪರಶುರಾಮ್. "ಹೆಸರು ಹಾಕ್ರಿ ಅಮ್ಮ. ಇನ್ನೊಬ್ಬ ಪೇಂಟರ್ ಓದ್ಲಿ."

ಒಂದು ಕಂಬಕ್ಕೆ ಹನ್ನೆರಡರಂತೆ ಐದು ಫಲಕಗಳಿಗೆ ನೂರ ಇಪ್ಪತ್ತು ನಟ್ಟು. ಎದುರುಬದುರಿನವನ್ನು ಜೋಡಿಜೋಡಿಯಾಗಿ ಬಿಗಿಯುತ್ತ ಹೋಗಬೇಕು, ಒಂದು ಕಂಬಕ್ಕೆ ಮುಕ್ಕಾಲು ಗಂಟೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಐದೂ ಮುಗಿದವು. ಚನ್ನಗಿರಿ ಕಡೆಯದು ಗಟ್ಟಿಯಿತ್ತು. ಉಳಿದವುಗಳಲ್ಲಿ ಸಡಿಲಾಗಿದ್ದುದು ಒಟ್ಟು ಹನ್ನೊಂದು. ಬಿಗಿದ ಪ್ರತಿಯೊಂದಕ್ಕೂ ಮೂಕಪ್ಪ ಕಡ್ಡಿಯಿಂದ ತಮ್ಮ ಸೊಟ್ಟ ಗೆರೆಯನ್ನೇ ಎಳೆದರು.

ಏನಾದರೂ ಆಸೆಯಿದೆಯೇ ಎಂದು ನಾನು ಕೇಳಿದ್ದಕ್ಕೆ ಮೂಕಪ್ಪ ಹೇಳಿದ್ದು ಇಷ್ಟು. ಗೆರೆಯ ಅರ್ಥ ತಮಗೊಬ್ಬರಿಗೇ ಗೊತ್ತಿರಬಾರದು, ಹಾದುಹೋಗುವ ಎಲ್ಲರಿಗೂ ಗೊತ್ತಿರಬೇಕು, ಅಷ್ಟೇ. ಮೇಲಿನವರ ಒಪ್ಪಿಗೆ ಪಡೆದು ಪರಶುರಾಮ್ ಐದು ಜೋಡಿ ಕಂಬಗಳ ಮೇಲೂ ಬರೆದುಕೊಟ್ಟರು: "ಕೆಂಪು ಗೆರೆ ತುಂಡಾಗಿದ್ದರೆ ಕೂಡಲೇ ಫೋನ್ ಮಾಡಿ." ಕೆಳಗೆ ಕಚೇರಿಯ ನಂಬರು, ಅದರ ಕೆಳಗೆ ಮೂಕಪ್ಪನವರದು.

ಇದಾಗಿ ಮೂರು ವಾರ. ಈವರೆಗೆ ಬಂದಿರುವುದು ಒಂದೇ ಕರೆ. ಕುರಿ ಕಾಯುವ ಹನುಮಂತಮ್ಮ ಎಂಬಾಕೆ ಮಗಳ ಮೊಬೈಲಿನಿಂದ ಮಾಡಿ, ಒಂದು ಗೆರೆ ನಡುವೆ ಕಡಿದಂಗೈತೆ ಎಂದರಂತೆ. ನ್ಯಾಮತಿಯಲ್ಲಿದ್ದ ಮೂಕಪ್ಪ ಎರಡು ಬಸ್ಸು ಬದಲಿಸಿ ಬಂದರು. ನೋಡಿದರೆ ಗೆರೆ ಕಡಿದಿರಲಿಲ್ಲ, ಅದರ ಮೇಲೆ ಹಕ್ಕಿ ಹಿಕ್ಕೆ ಹಾಕಿತ್ತು. ಬಾಟಲಿಯ ನೀರು ಸುರಿದು ತೊಳೆದರು. ಹನುಮಂತಮ್ಮ ನಾಚಿ, ಸುಮ್ನೆ ನಿಮ್ಮನ್ನ ಅಷ್ಟು ದೂರದಿಂದ ಕರೆಸಿದೆನಲ್ಲ ಎಂದು ಪೇಚಾಡಿಕೊಂಡರಂತೆ.

ದಿನವೆಲ್ಲ ದಂಡವಾಯಿತಲ್ಲ ಎಂದೆ ನಾನು. ಮೂಕಪ್ಪ ಮೊದಲ ಸಲ ನಕ್ಕರು.

"ದಂಡ ಹೆಂಗಾಗ್ತೈತ್ರಿ ಅಮ್ಮಾರೆ? ನಾನಿಲ್ದಾಗ ಆಯಮ್ಮ ಬಗ್ಗಿ ನೋಡ್ಯಾಳೆ."