ನೆತ್ತಿ ಬಿದ್ದ ದಿನ

ನಮ್ಮ ಶಹಾಬಾದಿನಲ್ಲಿ ಎಳೆಗೂಸಿಗೆ ಭೇದಿಯಾದರೆ ಹಿರಿಯರು ಮೊದಲು ಮುಟ್ಟಿ ನೋಡುತ್ತಿದ್ದುದು ಹೊಟ್ಟೆಯನ್ನಲ್ಲ, ನೆತ್ತಿಯನ್ನು. ತಲೆಬುರುಡೆಯ ಎಲುಬುಗಳು ಇನ್ನೂ ಕೂಡಿಕೊಳ್ಳದ ಆ ಮೆತ್ತನೆಯ ಜಾಗ ಒಳಕ್ಕೆ ಕುಸಿದಿದ್ದರೆ ‘ನೆತ್ತಿ ಬಿದ್ದದ’ ಎನ್ನುತ್ತಿದ್ದರು. ಬಿದ್ದ ನೆತ್ತಿಯನ್ನು ಎತ್ತುವುದಕ್ಕೆ ಔಡಲ ಎಣ್ಣೆಯಲ್ಲಿ, ಅಂದರೆ ಹರಳೆಣ್ಣೆಯಲ್ಲಿ, ಅದ್ದಿದ ಅರಳೆಯನ್ನು ಅದರ ಮೇಲಿಡುತ್ತಿದ್ದರು. ಭೇದಿ ನಿಲ್ಲುವವರೆಗೆ ಕೂಸಿಗೆ ನೀರು ಮಾತ್ರ ಕೊಡುತ್ತಿರಲಿಲ್ಲ.

ನನ್ನ ಮಗಳಿಗೆ ಆಗ ಹತ್ತು ತಿಂಗಳು. ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಪತಿ ಚಿಂಚೋಳಿಯಲ್ಲಿ ನೌಕರಿಯಲ್ಲಿದ್ದು, ರಜೆ ಸಿಕ್ಕಾಗ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ನಾನು ಮತ್ತು ಕೂಸು. ಮೊದಲ ಮಳೆ ಬಿದ್ದು ನೀರೆಲ್ಲ ರಾಡಿಯಾಗಿದ್ದ ದಿನಗಳು ಅವು. ಹಿಂದಿನ ಸಂಜೆ ಶುರುವಾದ ಭೇದಿ ಬೆಳಗಾಗುವಷ್ಟರಲ್ಲಿ ಬರಿಯ ನೀರಾಗಿತ್ತು. ಕೂಸಿನ ತುಟಿ ಒಣಗಿತ್ತು, ಕಣ್ಣುಗಳು ಗುಳಿಬಿದ್ದಿದ್ದವು; ಅಳುತ್ತಿದ್ದರೂ ಕಣ್ಣೀರು ಬರುತ್ತಿರಲಿಲ್ಲ. ನಾನು ನೀರಿನ ಲೋಟ ಹಿಡಿದುಕೊಂಡು ಬಂದಾಗ ಅದರ ದೃಷ್ಟಿ ಲೋಟದ ಮೇಲೆಯೇ ನಿಂತಿತು.

ಅತ್ತೆ ನನ್ನ ಕೈ ಹಿಡಿದರು.

“ತಳ ಒಡದ ಕೊಡಕ್ಕ ನೀರ ಹೊಯ್ದ್ರ ನಿಲ್ತದೇನವಾ? ಹಾಕಿದಷ್ಟೂ ಕೆಳಗ ಹೋಗ್ತದ. ಹೊಟ್ಟಿ ಒಣಗಲಿ, ತಾನೇ ನಿಲ್ತದ.”

“ತುಟಿ ನೋಡ್ರಿ ಅತ್ತಿ, ಹ್ಯಾಂಗ ಒಣಗ್ಯಾವ.”

“ತುಟಿ ಏನ್ ನೋಡ್ತಿ, ನೆತ್ತಿ ನೋಡು. ಬಿದ್ದದ.”

ಅವರು ಅರಳೆಯನ್ನು ಎಣ್ಣೆಯಲ್ಲಿ ಅದ್ದುತ್ತಿರುವಾಗಲೇ ಪಕ್ಕದ ಮನೆಯ ಖಾಲಾ ಒಳಗೆ ಬಂದರು. ಕಲ್ಲು ಪಾಲಿಶ್ ಮಾಡುವ ಕುಟುಂಬದ ಈ ಹಿರಿಯ ಹೆಂಗಸಿಗೆ ನಮ್ಮ ಮನೆಯ ಪಡಸಾಲೆ ತನ್ನದೇ ಅಂಗಳವಿದ್ದಂತೆ. ಕೂಸನ್ನು ನೋಡಿ ಅವರು ಅತ್ತೆಗೆ ಹೇಳಿದರು: “ನಿಮ್ಮ ಎಣ್ಣಿ ಇರ್ಲಿ ಬಿಡ್ರಿ, ದವಾಖಾನಿಗಿ ನಡೀರಿ. ಎಣ್ಣಿಗಿ ಕಾಲ್ ಅದಾವೇನ್ರಿ, ಅದೂ ಕೂಸಿನ ತಲಿ ಮ್ಯಾಲ ಕುಂತು ಬರ್ತದ.”

ಅತ್ತೆ ನಗಲಿಲ್ಲ, ಆದರೆ ಹೊರಟರು. ಎಣ್ಣೆಯ ಅರಳೆಯೂ ಕೂಸಿನ ತಲೆಯ ಮೇಲೆ ಕುಳಿತು ದವಾಖಾನೆಗೆ ಬಂದಿತು.

ಡಾಕ್ಟರಬಾಯಿ ಮಧ್ಯವಯಸ್ಸಿನವರು, ಮಿತಭಾಷಿ. ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಹಿಡಿದೆತ್ತಿ ಬಿಟ್ಟರು. ಮಡಿಕೆ ಕೂಡಲೇ ಮಾಯವಾಗದೆ ನಿಧಾನವಾಗಿ ಇಳಿಯಿತು. ಮಲದಲ್ಲಿ ರಕ್ತವಿತ್ತೇ, ಮೂತ್ರ ಯಾವಾಗ ಹೋಗಿತ್ತು ಎಂದು ಕೇಳಿದರು. ರಕ್ತವಿರಲಿಲ್ಲ, ಮೂತ್ರವನ್ನು ನಾವು ಬೆಳಗಿನಿಂದ ಕಂಡಿರಲಿಲ್ಲ. ಬಳಿಕ ಅರಳೆಯನ್ನು ಸರಿಸಿ ನೆತ್ತಿಯನ್ನು ಮುಟ್ಟಿದರು.

“ನೆತ್ತಿ ಬಿದ್ದದ ಅಂತ ಯಾರು ನೋಡಿದ್ರು?”

“ನಾನೇ ನೋಡೀನ್ರಿ, ಬಾಯಾರ,” ಎಂದರು ಅತ್ತೆ. “ನನ್ನ ಹಿರೀ ಕೂಸಿಂದೂ ಹಿಂಗೇ ಬಿದ್ದಿತ್ತು. ಎಣ್ಣಿ ಇಟ್ಟೆ. ಏಳಲಿಲ್ಲ.”

ಪತಿಗಿಂತ ಮೊದಲು ಇನ್ನೊಂದು ಕೂಸು ಹುಟ್ಟಿತ್ತೆಂಬುದು ನನಗೆ ತಿಳಿದುದು ಆ ಕ್ಷಣದಲ್ಲಿ.

ಡಾಕ್ಟರಬಾಯಿ ಅತ್ತೆಯನ್ನು ಕುಳ್ಳಿರಿಸಿ ಹೇಳಿದರು: “ಆಯಿ, ನೀವು ನೋಡಿದ್ದು ಬರೋಬರಿ ಅದ. ಒಳಗಿನ ನೀರು ಕಮ್ಮಿ ಆಗಿ ನೆತ್ತಿ ಕೆಳಗ ಇಳದದ. ಅದನ್ನ ಮ್ಯಾಲಿಂದ ಎತ್ಲಿಕ್ಕಿ ಆಗಂಗಿಲ್ಲ, ಒಳಗಿಂದ ತುಂಬಬೇಕು. ಹರವಿ ಸೋರ್ತದಂತ ನೀರ ಹಾಕೋದೇ ಬಿಟ್ರ ಮನಿಮಂದಿ ಏನ್ ಕುಡೀತಾರ? ಸೋರಿದಷ್ಟು ತುಂಬ್ಕೋತ ಹೋಗಬೇಕು. ತಾಯಿ ಹಾಲೂ ಬಿಡಸಬ್ಯಾಡ್ರಿ.”

ಇಲ್ಲಿ ಸಲೈನ್ ಏರಿಸುವ ವ್ಯವಸ್ಥೆ ಇಲ್ಲವೆಂದೂ, ಕೂಸು ಕುಡಿಯದೆ ಹೋದರೆ, ಜೋಲು ಬಿದ್ದರೆ, ಅಥವಾ ಮಧ್ಯಾಹ್ನದ ರೈಲಿನ ಹೊತ್ತಿಗೂ ಮೂತ್ರ ಹೋಗದಿದ್ದರೆ ಕಲಬುರ್ಗಿಗೆ ಒಯ್ಯಲೇಬೇಕೆಂದೂ ನನಗೆ ಹೇಳಿದರು.

ಮನೆಗೆ ಬಂದು ಕೈ ತೊಳೆದು, ಡಾಕ್ಟರಬಾಯಿ ಹೇಳಿಕೊಟ್ಟಂತೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹಾ ಚಮಚದಿಂದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದೆ. ಉಪ್ಪು ಹೆಚ್ಚಾದರೆ ಅಪಾಯವೆಂದು ಅವರು ಎಚ್ಚರಿಸಿದ್ದರಿಂದ ಚಮಚದ ಮೇಲಿನ ಗುಪ್ಪೆಯನ್ನು ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡುತ್ತಿದ್ದೆ.

ಖಾಲಾ ಅತ್ತೆಯ ಕಡೆಗೆ ತಿರುಗಿದರು. “ನೋಡ್ರಿ, ನಿಮ್ಮ ಸೊಸಿ ಉಪ್ಪಿಗೂ ಸಾಲಿ ಕಲಿಸ್ಲಾಕತ್ತಾಳ.”

“ಕಲಿಸ್ಲಿ ಬಿಡು. ನನಗೂ ಕಲಿಸ್ಯಾಳ.”

ಬಟ್ಟಲಿಗೆ ಬಗ್ಗಿಸಿಕೊಂಡು ಕೊಟ್ಟ ಮೊದಲ ಕೆಲವು ಚಮಚಗಳನ್ನು ಕೂಸು ಆತುರದಿಂದ ಕುಡಿದು, ಎಲ್ಲವನ್ನೂ ಕಾರಿಕೊಂಡಿತು. ಅತ್ತೆ ನನ್ನ ಮುಖವನ್ನೇ ನೋಡಿದರು. ‘ನಾ ಹೇಳಿದ್ದಿಲ್ಲೇನು’ ಎಂಬ ಮಾತು ಅವರ ತುಟಿಯವರೆಗೆ ಬಂದು ನಿಂತುದು ನನಗೆ ಕಂಡಿತು. ವಾಂತಿಯಾದರೆ ಸ್ವಲ್ಪ ಹೊತ್ತು ತಡೆದು, ಇನ್ನೂ ನಿಧಾನವಾಗಿ ಕೊಡಬೇಕೆಂದು ಡಾಕ್ಟರಬಾಯಿ ಹೇಳಿದ್ದರು. ತಡೆದೆ. ಮತ್ತೆ ಒಂದು ಚಮಚ. ಅದು ಒಳಗಿಳಿದ ಮೇಲೆ ಇನ್ನೊಂದು. ನಡುನಡುವೆ ಎದೆಹಾಲು. ಭೇದಿ ನಿಂತಿರಲಿಲ್ಲ, ಪ್ರತಿ ಬಾರಿಯೂ ಕೂಸನ್ನು ತೊಳೆದು ಒಣ ಬಟ್ಟೆ ಸುತ್ತುತ್ತಿದ್ದೆ. ನನ್ನ ಬೆನ್ನು ಸೆಟೆದುಕೊಂಡಾಗ ಅತ್ತೆ ಕೂಸನ್ನು ತಮ್ಮ ತೊಡೆಗೆ ಎಳೆದುಕೊಂಡು ಚಮಚಕ್ಕೆ ಕೈ ಚಾಚಿದರು. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯ ಬೆರಳು ನೆತ್ತಿಯ ಮೇಲೆ.

ವಾಡಿಯ ಕಡೆಯಿಂದ ಮಧ್ಯಾಹ್ನದ ರೈಲಿನ ಸೀಟಿ ಕೇಳಿಸಿತು. ನಾನು ಎದ್ದು ಚೀಲಕ್ಕೆ ಕೂಸಿನ ಬಟ್ಟೆಗಳನ್ನು ತುಂಬತೊಡಗಿದೆ.

“ತಡಿ,” ಎಂದರು ಅತ್ತೆ.

ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆಗೆಂದು ಉಟ್ಟ ಮಡಿ ಸೀರೆಯನ್ನು ಅವರು ಗಡಿಬಿಡಿಯಲ್ಲಿ ಬದಲಿಸಿರಲಿಲ್ಲ. ಅದರ ಮಡಿಲಿನಲ್ಲಿ ಒದ್ದೆಯ ಕಲೆಯೊಂದು ಅಗಲವಾಗುತ್ತಿತ್ತು. ನಾನು ಕೂಸಿನ ಬಟ್ಟೆ ಬಿಚ್ಚಿ ನೋಡಿದೆ: ಭೇದಿಯಲ್ಲ, ಮೂತ್ರ.

ಖಾಲಾ ಬಾಗಿಲಿನಿಂದಲೇ ಹೇಳಿದರು: “ಪೂಜಿ ಸೀರಿ ಹೋಯ್ತಲ್ರೀ. ಏಳ್ರಿ, ಬ್ಯಾರೇದು ಉಟ್ಕೋರಿ.”

“ಕೂಸು ಇನ್ನಾ ಕುಡೀಲಾಕತ್ತದ,” ಎಂದು ಅತ್ತೆ ನನ್ನ ಕಡೆ ತಿರುಗಿದರು. “ಬಟ್ಲ ಇತ್ತಾಗ ಸರಿಸು.”