ಸಂಭಾಳಿಸುವವರು ಯಾರು

ಸಂಭಾಳಿಸುವುದು ಎಂಬ ಮಾತಿಗೆ ನಮ್ಮ ರಾಯಚೂರು ಸೀಮೆಯಲ್ಲಿ ಎರಡು ಅರ್ಥ. ಕೂಸನ್ನು ಜೋಪಾನ ಮಾಡುವುದೂ ಸಂಭಾಳಿಸುವುದೇ, ಮೈಮೇಲೆ ಬಿದ್ದದ್ದನ್ನು ಬಾಯಿ ಮುಚ್ಚಿಕೊಂಡು ಹೊರುವುದೂ ಸಂಭಾಳಿಸುವುದೇ. ಎಪ್ಪತ್ತರ ದಶಕದ ಕೊನೆಗೆ ನಾನು ದೇವದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ನಮ್ಮ ಡ್ರೈವರ್ ಕುರ್ಡಿ ಊರಿನವರು. ವಯಸ್ಸಿನಲ್ಲಿ ಹಿರಿಯರು, ನಾನು ಅಣ್ಣ ಎನ್ನುತ್ತಿದ್ದೆ. ಆ ಬೇಸಿಗೆಯಲ್ಲಿ ಡಿಪೊದಲ್ಲಿ ಡ್ರೈವರುಗಳು ಸಾಲದೆ, ದೇವದುರ್ಗದಿಂದ ಬಂದ ಮೇಲೆ ಮಾನ್ವಿಯ ಟ್ರಿಪ್ಪೂ ಅವರ ತಲೆಗೇ ಬಂತು. ವಾರದ ರಜೆಯೂ ಹೋಯಿತು. ಅಣ್ಣ ರಜೆ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಮ್ಯಾನೇಜರ್ ತಲೆ ಎತ್ತಲಿಲ್ಲ.

"ಮಂದಿ ಇಲ್ರಿ, ನಾ ಏನ್ ಮಾಡ್ಲಿ? ಇನ್ನೊಂದೀಟು ದಿನ ಸಂಭಾಳಸ್ರಿ."

"ಆತ್ರಿ ಸಾಹೇಬ್ರ," ಎಂದುಬಿಟ್ಟರು ಅಣ್ಣ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಮ್ಯಾನೇಜರಿಗೂ ಮೇಲಿನವರು ಇದನ್ನೇ ಹೇಳಿರಬೇಕು ಎಂದು ಈಗ ಅನಿಸುತ್ತದೆ, ಆಗ ಅಷ್ಟು ತಾಳ್ಮೆ ಇರಲಿಲ್ಲ.

ಮರುದಿನ ಅಣ್ಣನ ಹೆಂಡತಿ ಬುತ್ತಿ ಕೊಡುವ ನೆಪದಲ್ಲಿ ಡಿಪೊ ಗೇಟಿಗೆ ಬಂದು ನನ್ನನ್ನು ಬದಿಗೆ ಕರೆದರು.

"ತಮ್ಮಾ, ಉಣ್ಣಾಕ ಕುಂತಲ್ಲೇ ಕಣ್ಣು ಮುಚ್ಚಾಕತ್ತಾರ. ನೀನರ ಜರಾ ಸಂಭಾಳಸಪ್ಪ."

ಹೂಂ ಎಂದೆ. ಅವತ್ತು ದೇವದುರ್ಗದ ಸಂತೆ, ಬಸ್ಸಿನ ತುಂಬ ಜನ, ಟಾಪಿನ ಮೇಲೂ ಜನ. ಗಬ್ಬೂರಿನವರೆಗೆ ಎಂಜಿನ್ ಪಕ್ಕ ನಿಂತು ಅಣ್ಣನನ್ನು ಮಾತಿಗೆಳೆಯುತ್ತಲೇ ಇದ್ದೆ. ಅಲ್ಲಿ ಮತ್ತಷ್ಟು ಜನ ಹತ್ತಿದರು, ಟಿಕೆಟ್ ಹರಿಯಲು ಹಿಂದೆ ಹೋಗದೆ ಗತ್ಯಂತರವಿರಲಿಲ್ಲ. ಊರು ದಾಟಿ ಸ್ವಲ್ಪ ದೂರ ಹೋಗಿರಬಹುದು, ಬಸ್ಸು ಮೆಲ್ಲಗೆ ಬಲಕ್ಕೆ ಸರಿಯತೊಡಗಿತು. ಎದುರಿಗೆ ಹತ್ತಿ ತುಂಬಿದ ಎತ್ತಿನ ಗಾಡಿ.

"ಹೋಲ್ಡಾನ್!"

ಹಿಂದಿನಿಂದಲೇ ಕೂಗಿದೆ. ಬಸ್ಸು ನಿಲ್ಲಿಸಲು ನಾವು ಕಂಡಕ್ಟರುಗಳು ದಿನಾ ಕೂಗುವ ಮಾತು ಅದು. ಅಣ್ಣನ ಕಣ್ಣು ತೆರೆಯುವ ಮೊದಲೇ ಕಾಲು ಬ್ರೇಕಿನ ಮೇಲೆ ಬಿತ್ತು. ನಾನು ಜನರನ್ನು ತಳ್ಳಿಕೊಂಡು ಮುಂದೆ ಬಂದಾಗ ಎತ್ತುಗಳು ಗಾಜಿನ ಮುಂದೆಯೇ ನಿಂತಿದ್ದವು. ಅಣ್ಣ ಕಣ್ಣುಜ್ಜಿಕೊಂಡು ಮತ್ತೆ ಸ್ಟೇರಿಂಗ್ ಹಿಡಿದರು.

"ರೈಟ್ ಅನ್ನು ತಮ್ಮಾ, ಹೊತ್ತಾಗಾಕತ್ತದ."

ಕಂಡಕ್ಟರ್ ರೈಟ್ ಅನ್ನದೆ ಬಸ್ಸು ಕದಲುವಂತಿಲ್ಲ. ನಾನು ಅನ್ನಲಿಲ್ಲ. ಅಣ್ಣನನ್ನು ಇಳಿಸಿ ಬೇವಿನ ಮರದ ಕೆಳಗೆ ಟವೆಲ್ ಹಾಸಿದೆ. ತಲೆ ಇಟ್ಟದ್ದೇ ತಡ, ಗೊರಕೆ.

ಬಿಳಿ ಧೋತರದ ಒಬ್ಬರು ಕೂಗಾಡಿದರು, ಸಂತೆ ತಪ್ಪುತ್ತದೆ, ಡಿಪೊಗೆ ದೂರು ಬರೆಯುತ್ತೇನೆ ಎಂದರು. ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಅವರತ್ತ ತಿರುಗಿ ಸಹ ನೋಡದೆ ಹೇಳಿದಳು. "ಮಕ್ಕೊಳ್ಳಲಿ ಬಿಡಪ್ಪ. ನಮ್ ಜೀವಾನೂ ಅವನ ಕೈಯಾಗ ಅದ."

ಅಣ್ಣ ತಾವಾಗಿಯೇ ಎದ್ದ ಮೇಲೆ ರೈಟ್ ಅಂದೆ. ಧೋತರದವರು ಬರೆದೇ ಬರೆದರು. ಮ್ಯಾನೇಜರ್ ನನ್ನನ್ನು ಕರೆಸಿದರು.

"ನಡುದಾರ್ಯಾಗ ಬಸ್ ನಿಲ್ಲಸಂತ ನಿನಗ ಯಾರ್ ಹೇಳಿದ್ರು?"

"ನೀವ ಹೇಳಿದ್ರಲ್ರಿ, ಸಂಭಾಳಸ್ರಿ ಅಂತ."

ಅವರು ಪೆನ್ನು ಎತ್ತಿಕೊಂಡರು. ನನಗೆ ಮೆಮೊ ಸಿಕ್ಕಿತು, ಅಣ್ಣನಿಗೆ ರಜೆ. ಗೆದ್ದೆ ಎಂದು ಬೀಗುತ್ತ ಮರುದಿನ ಬಸ್ಸು ಹತ್ತಿದೆ. ಡ್ರೈವರ್ ಸೀಟಿನಲ್ಲಿ ಬೇರೊಬ್ಬ ಕೂತಿದ್ದ, ಮಾನ್ವಿಯ ಟ್ರಿಪ್ ಮುಗಿಸಿ ನೇರ ಬಂದವನು. ಕಣ್ಣು ಕೆಂಪಗಿದ್ದವು.

ಜನ ತುಂಬಿದ್ದರು. ಅವನು ಸ್ಟೇರಿಂಗ್ ಹಿಡಿದು ನನ್ನ ರೈಟ್‌ಗೆ ಕಾಯುತ್ತಿದ್ದ.